ನಾಲ್ಕು ಬೆರಳಿನ ಮಡಿಕೆ

ಕಂಡಕ್ಟರನ ಹೆಬ್ಬೆರಳು ನನ್ನ ಆಧಾರ್ ಕಾರ್ಡಿನ ಹಿಂಬದಿಯಲ್ಲಿ, ವಿಳಾಸದ ಸಾಲಿನ ಮೇಲೆ ನಿಂತುಬಿಟ್ಟಿದೆ, ಉಗುರಿನ ಸಂದಿಯಲ್ಲಿ ನೀಲಿ ಶಾಯಿ, ಇದು ಜಬಲ್ಪುರ ಅಂತಿದೆಯಲ್ಲಮ್ಮ, ಫ್ರೀ ಟಿಕೆಟ್ಟು ಕರ್ನಾಟಕದೋರಿಗೆ ಮಾತ್ರ, ನಾ ಕರ್ನಾಟಕದಾಕಿನ ರೀ, ಬಾಗಲಕೋಟಿ ಕಡೆಯಾಕಿ, ಮಾತಲ್ಲೇ ಗೊತ್ತಾಗ್ತದಮ್ಮ, ಆದ್ರೆ ಚೆಕಿಂಗ್‌ನೋರು ಬಂದ್ರೆ ಮಾತು ಕೇಳಲ್ಲ, ಕಾರ್ಡ್ ಕೇಳ್ತಾರೆ, ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು, ನಗಲಿ, ನಾನು ಇಪ್ಪತ್ತು ರೂಪಾಯಿ ತೆಗೆದುಕೊಟ್ಟೆ, ಕಾರ್ಡು ವಾಪಸ್ಸು ಫೈಲಿನೊಳಗೆ, ಸರ್ಟಿಫಿಕೇಟುಗಳ ಜೊತೆ, ಎಲ್ಲವೂ ಅಸಲಿ, ಎಲ್ಲದರ ಮೇಲೂ ಸೀಲು, ಯಾವುದೂ ಯಾರಿಗೂ ಸಾಲುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ಇದು ಎರಡನೇ ಸಲ, ಮೊದಲು ಕೋರ್ಟಿನಲ್ಲಿ ಈಗ ಬಸ್ಸಿನಲ್ಲಿ, ಎಲ್ಲಿಯವರು, ಎಲ್ಲಿದ್ದಾರೆ, ಎಲ್ಲಿಂದ ಬಂದಿರಿ, ಮದುವೆಯಾಗಿ ಹದಿಮೂರು ವರ್ಷ, ಐದು ಊರು, ಐದು ಕ್ವಾರ್ಟರ್ಸು, ಪ್ರತಿ ಊರಲ್ಲೂ ಗ್ಯಾಸ್ ಕನೆಕ್ಷನ್ನಿನಿಂದ ಶುರು, ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹವಾಲ್ದಾರ್ ಶರಣಪ್ಪ ಎಂದು ಇವರ ಹೆಸರು, ಅದರ ಕೆಳಗೆ ಊರಿನ ಹೆಸರು ಮಾತ್ರ ಅಳಿಸಿ ಅಳಿಸಿ ಬರೆದು ಅಲ್ಲೊಂದು ಗಂಟು ಕಟ್ಟಿದೆ, ಈ ಸಲ ಅಲ್ಲಿ ಏನೂ ಬರೆದಿಲ್ಲ, ಟ್ರಂಕು ನನ್ನ ಜೊತೆ ಬೆಂಗಳೂರಿಗೆ ಬಂತು, ಇವರು ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬೇರೆ ರೈಲು ಹತ್ತಿದರು. ಬಸ್ಸು ಅಲುಗುತ್ತಿಲ್ಲ. ಶಿವಾಜಿನಗರದ ಸ್ಟ್ಯಾಂಡು ಬಿಟ್ಟು ಇನ್ನೂ ನೂರು ಮಾರು ದಾಟಿಲ್ಲ, ಮುಂದೆ ಒಂದು ಟೆಂಪೋ ಅಡ್ಡ ನಿಂತಿದೆ, ಅದರ ತುಂಬ ಹಾಸಿಗೆ ಹತ್ತಿ.

ಕೋರ್ಟಿನಲ್ಲಿ ನಮ್ಮದು ಅರವತ್ತೊಂದನೇ ನಂಬರು, ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಕೂತವಳು, ಮಧ್ಯಾಹ್ನ ಎರಡೂವರೆ ಹೊತ್ತಿಗೆ ಕರೆದರು, ಎರಡು ನಿಮಿಷ, ನಾನು ಲೆಕ್ಕ ಹಾಕಿದ್ದೇನೆ, ಹಾಲು ಉಕ್ಕುವಷ್ಟು ಹೊತ್ತೂ ಇಲ್ಲ. ಮಗಳಿಗೆ ಸೀಟು ಕೊಡದ ಕೇಂದ್ರ ಸರ್ಕಾರದ ಶಾಲೆಯ ಪರ ವಕೀಲರು ಎದ್ದರು, ಒಳ್ಳೆ ಮನುಷ್ಯರ ಹಾಗೆ ಕಾಣುತ್ತಾರೆ, ಕನ್ನಡಕ ಒರೆಸುತ್ತಾ ಮಾತಾಡುತ್ತಾರೆ, ಸ್ವಾಮಿ, ವರ್ಗವಾಗಿ ಈ ಊರಿಗೆ ಬಂದವರ ಮಕ್ಕಳಿಗೆ ಮೊದಲ ಸಾಲಿನಲ್ಲಿ ಸೀಟು, ಇವರ ಪತಿ ಈ ಊರಿಗೆ ವರ್ಗವಾಗಿಲ್ಲ, ಕುಟುಂಬ ಸ್ವಂತ ಇಷ್ಟದಿಂದ ಬಂದು ಬಾಡಿಗೆ ಮನೆಯಲ್ಲಿದೆ. ಸ್ವಂತ ಇಷ್ಟ. ಜಬಲ್ಪುರದ ಕ್ವಾರ್ಟರ್ಸು ಖಾಲಿ ಮಾಡಿ ಎಂದು ಕಾಗದ ಬಂದಾಗ, ಇಲ್ಲಿ ಫ್ಯಾಮಿಲಿ ಕ್ವಾರ್ಟರ್ಸಿನ ಪಟ್ಟಿಯಲ್ಲಿ ನಿಮ್ಮ ನಂಬರು ನೂರಾ ಹನ್ನೆರಡು ಎಂದಾಗ, ಸರ್ವಜ್ಞನಗರದ ಗಲ್ಲಿಯಲ್ಲಿ ಸೀತಮ್ಮನವರ ಮಹಡಿ ಮೇಲೆ ಒಂದೂವರೆ ಕೋಣೆ ಸಿಕ್ಕಾಗ, ಅದೆಲ್ಲ ನನ್ನ ಇಷ್ಟ. ನಮ್ಮ ವಕೀಲ ಸುದರ್ಶನ್, ಇನ್ನೂ ಮೂವತ್ತು ದಾಟಿಲ್ಲ, ನನಗಿಂತ ಅವನೇ ಜಾಸ್ತಿ ಬೆವರುತ್ತಾನೆ, ಅವನು ಎದ್ದು ನಿಂತು ಆ ಒಂದೇ ನಿಯಮ ಓದಿದ, ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಜಾಗಕ್ಕೆ ಕಳಿಸಿದರೆ ಕುಟುಂಬ ಇರುವ ಊರನ್ನೇ ವರ್ಗವಾದ ಊರೆಂದು ತಿಳಿಯಬೇಕು, ಹೌದಲ್ಲ, ಸ್ಪಷ್ಟವಾಗಿದೆಯಲ್ಲ, ಏಪ್ರಿಲ್‌ನಿಂದ ಇದನ್ನೇ ಓದುತ್ತಿದ್ದಾನೆ, ಅವರು ಮತ್ತೆ ಕನ್ನಡಕ ಒರೆಸಿದರು, ಆದರೆ ಅಂಥ ಜಾಗಗಳ ಪಟ್ಟಿ ಇದೆ ಸ್ವಾಮಿ, ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಬೇಕಾದರೆ ಜಾಗದ ಹೆಸರು ಬೇಕು, ಇವರು ಕೊಟ್ಟಿರುವುದು ಒಂದು ನಂಬರು, ಅದರ ಮುಂದೆ ಕೇರಾಫ್ ಎಪಿಒ, ಸೈನ್ಯದ ಅಂಚೆ ಕಚೇರಿ, ಅಂಚೆ ಕಚೇರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಯಾರೋ ನಕ್ಕರು. ಜಡ್ಜರು ನಗಲಿಲ್ಲ, ಅದು ಸರಿ, ಅವರು ಎಲ್ಲಿದ್ದಾರೆ ಹೇಳಿ, ಇಷ್ಟೇ ತಾನೆ ಬೇಕಿರೋದು, ಎಂದು ಮೆತ್ತಗೆ ಕೇಳಿದರು, ಸುದರ್ಶನ್ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ, ಎಲ್ಲರೂ ನೋಡಿದರು, ನಾನು ಫೈಲಿನ ದಾರ ಹಿಡಿದು ನಿಂತಿದ್ದೆ.

ನನಗೆ ಗೊತ್ತು. ಇವರು ಹೇಳಿಲ್ಲ, ಇವರು ಬಾಯಿ ಬಿಡುವವರಲ್ಲ, ಫಾರ್ಮಿನಲ್ಲಿ ಜಾಗದ ಹೆಸರು ಬರಿಬ್ಯಾಡ, ನಂಬರಷ್ಟ ಬರಿ, ಯಾರ ಕೇಳಿದ್ರೂ ಹೇಳಬ್ಯಾಡ, ನಿನಗ ಗೊತ್ತಿಲ್ಲ, ತಿಳೀತಿಲ್ಲೋ, ಗೊತ್ತಿಲ್ಲದ್ದ ಹೆಂಗ ಹೇಳ್ಲಿ ಅಂದಿದ್ದೆ, ಇಬ್ಬರೂ ನಕ್ಕಿದ್ದೆವು. ಆದರೆ ಫೋನಿನಲ್ಲಿ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟರು, ಐದಕ್ಕೆಲ್ಲ ಕತ್ತಲಾತವಾ ಇಲ್ಲೆ, ವೈಷ್ಣವಿ ಕೇಳಿಸಿಕೊಂಡಳು, ಹನ್ನೊಂದು ವರ್ಷದ ಹುಡುಗಿಗೆ ಶಾಲೆ ಇಲ್ಲದಿದ್ದರೆ ತಲೆ ಎಲ್ಲೆಲ್ಲೋ ಓಡುತ್ತದೆ, ಅಟ್ಲಾಸ್ ತೆಗೆದಳು, ನಮ್ಮಲ್ಲಿ ಬಿಸಿಲಿದ್ದಾಗ ಎಲ್ಲಿ ಕತ್ತಲು ಎಂದು ಬಲಕ್ಕೆ ಬಲಕ್ಕೆ ಬೆರಳು ಸರಿಸಿದಳು, ನದಿ ದಾಟಿಸಿದಳು, ಅಮ್ಮ, ಇಲ್ಲೇ, ಪಪ್ಪಾ ಇಲ್ಲೇ ಇರೋದು, ನಾನು ಪಟ್ಟನೆ ಅವಳ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದೆ, ಅದು ಉಸಿರಾಡುವ ಮರಿಯ ಹಾಗೆ ಬಿಸಿಯಿತ್ತು, ಯಾರ ಮುಂದೂ ಅನಬಾರದು, ಅಟ್ಲಾಸ್ ಟ್ರಂಕಿನ ತಳಕ್ಕೆ ಹೋಯಿತು. ಆ ಬೆರಳು ಇಟ್ಟ ಜಾಗದ ಹೆಸರು ಇವತ್ತು ನನ್ನ ನಾಲಿಗೆಯ ತುದಿಯಲ್ಲಿತ್ತು, ನಾಲ್ಕಕ್ಷರ, ಅಂದಿದ್ದರೆ ಸೀಟು, ಅನ್ನಲಿಲ್ಲ, ಸೈನ್ಯದಿಂದ ಹೆಸರಿರುವ ಪತ್ರ ತಂದರೆ ನೋಡೋಣ ಎಂದು ದಸರಾ ರಜೆ ಕಳೆದ ಮೇಲಕ್ಕೆ ವಾಯಿದೆ. ಆ ಪತ್ರಕ್ಕೆ ಇವರು ಎರಡು ಸಲ ಅರ್ಜಿ ಕೊಟ್ಟಾಗಿದೆ, ಉತ್ತರ ಬರುವುದು ಅದೇ ನಂಬರಿನಿಂದ, ಜಾಗದ ಹೆಸರಿಲ್ಲದೆ. ಕಾರಿಡಾರಿನಲ್ಲಿ ಸುದರ್ಶನ್ ಹೇಳಿದ, ಗುರುದೇವಿ ಮೇಡಂ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ, ಇಲ್ಲರೀ, ಓಕೆ, ಆದ್ರೆ ಒಂದು ಮಾತು, ಪಾಪೂನ ಬೇರೆ ಎಲ್ಲೂ ಸೇರಿಸ್ಬೇಡಿ, ಸೇರಿಸಿದ್ರೆ ಕೇಸ್ ಅಲ್ಲಿಗೇ ಮುಗೀತು, ಅಫಿಡವಿಟ್ಟಲ್ಲಿ ನೀವೇ ಸೈನ್ ಹಾಕಿದೀರ, ಮಗು ಯಾವ ಶಾಲೇಲೂ ಇಲ್ಲ ಅಂತ, ನಮ್ಮ ಅರ್ಜೆನ್ಸಿ ಇರೋದೇ ಅಷ್ಟರಲ್ಲಿ. ಅಷ್ಟರಲ್ಲಿ. ಮಗಳು ಮನೆಯಲ್ಲಿ ಕೂತಷ್ಟೂ ನಮ್ಮ ಕೇಸು ಗಟ್ಟಿ.

ಟೆಂಪೋ ಸರಿಯಿತು, ಬಸ್ಸು ಒಂದು ಹೆಜ್ಜೆ ಇಟ್ಟಿತು, ಕಿಟಕಿಯಾಚೆ ಉಮ್ಮೆ ಕುಲ್ಸುಂ ಅವರ ಟೈಲರ್ ಅಂಗಡಿಯ ಗಲ್ಲಿ, ಅಂಗಡಿ ಕಾಣುವುದಿಲ್ಲ, ಗಲ್ಲಿಯ ಬಾಯಿ ಮಾತ್ರ, ಅಲ್ಲಿ ತೂಗುಬಿಟ್ಟ ಬಿಳಿ ಷರ್ಟುಗಳು. ಮಾರ್ಚಿನಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಎಂದುಕೊಂಡು ಆ ಶಾಲೆಯ ಸ್ಕರ್ಟು ಹೊಲಿಸಿದ್ದು ಇಲ್ಲೇ, ಕಡು ಹಸಿರು, ಒಂದೇ ಒಂದು, ನಾನೇ ಅವಸರ ಮಾಡಿದೆ, ಫೌಜಿ ಹೆಂಗಸರ ಅಭ್ಯಾಸ, ಆರ್ಡರು ಕೈಗೆ ಬರುವ ಮೊದಲೇ ಟ್ರಂಕು ಕಟ್ಟುವುದು. ಎಷ್ಟು ಮಡಿಚಲಿ ಅಮ್ಮಾ, ನಾಲ್ಕು ಬೆರಳು ಮಡಿಚಿ, ಎರಡು ವರ್ಷ ಬರಬೇಕು, ನಾಲ್ಕಾ, ಇಷ್ಟು ಮಡಿಚಿದ್ರೆ ಬೇಟಿ ನಡೆಯೋವಾಗ ಭಾರ ಆಗ್ತೈತೆ, ಪರವಾಗಿಲ್ಲ ಆಪಾ. ನಾಲ್ಕು ಬೆರಳು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಜೂನ್‌ನಲ್ಲಿ ಮೊದಲ ವಾಯಿದೆ, ಹುಡುಗಿ ಬಿದಿರಿನ ಹಾಗೆ ಏಳುತ್ತಿದ್ದಾಳೆ, ಮಂಡಿಗಿಂತ ಮೇಲೆ ಹೋಯಿತು, ಒಂದು ಬೆರಳು ಬಿಚ್ಚಿ ಕೊಟ್ಟರು. ಆಗಸ್ಟ್‌ನಲ್ಲಿ ಇನ್ನೊಂದು. ಹಳೇ ಹೊಲಿಗೆ ಇದ್ದಲ್ಲಿ ಗೆರೆ ಉಳಿಯುತ್ತದೆ, ಸೂಜಿ ತೂತುಗಳ ಸಾಲು, ಇಸ್ತ್ರಿ ಎಷ್ಟು ಬಿಸಿ ಮಾಡಿ ಒತ್ತಿದರೂ ಹೋಗುವುದಿಲ್ಲ, ನೀರು ಚಿಮುಕಿಸಿ ಒತ್ತಿದೆ, ಒದ್ದೆ ಬಟ್ಟೆ ಹಾಸಿ ಒತ್ತಿದೆ, ಹೋಗಲಿಲ್ಲ, ಒಂದು ದಿನವೂ ಶಾಲೆಗೆ ಹೋಗದ ಸ್ಕರ್ಟಿಗೆ ಎರಡು ಗೆರೆ. ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತದೆ, ಫ್ಯಾನು ಹಾಕಿದರೆ ಅಲುಗುತ್ತದೆ, ರಾಯಪುರದ ಶಾಲೆ ಜಬಲ್ಪುರದ ಶಾಲೆ ಎಲ್ಲ ಒಂದೇ ಪುಸ್ತಕ, ಅದಕ್ಕೇ ತಾನೆ ಆ ಶಾಲೆಯೇ ಬೇಕು ಎಂದು ನಾನು ಹಟ ಹಿಡಿದದ್ದು, ನಾಳೆ ಇವರನ್ನು ಇನ್ನೆಲ್ಲಿಗೋ ಹಾಕಿದರೆ ಅಲ್ಲೂ ಇದೇ ಪುಸ್ತಕದ ಇದೇ ಪಾಠ, ಮಗು ಬಿಟ್ಟಲ್ಲಿಂದ ಓದುತ್ತದೆ, ಊರು ಬದಲಾದರೂ ಪಾಠವಾದರೂ ಅದೇ ಇರಲಿ ಎಂದು, ಇಷ್ಟು ಕೇಳುವುದು ಜಾಸ್ತಿಯೇ. ಸೀತಮ್ಮ ಕೆಳಗಿನಿಂದ ದಿನಾ ಒಂದೇ ರಾಗ, ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮು ನೋಡಿ ರಿಟೈರ್ ಆದವರು, ನೋಡಮ್ಮ, ನಮ್ಮ ಬೀದಿ ಕೊನೇಲೇ ಸರ್ಕಾರಿ ಶಾಲೆ ಇದೆ, ವರ್ಷದಲ್ಲಿ ಯಾವತ್ತು ಹೋದ್ರೂ ಸೇರಿಸ್ಕೋತಾರೆ, ಕೇಸ್ ಗೆದ್ದ ಮೇಲೆ ನೋಡ್ಕೊಂಡ್ರಾಯ್ತು, ನಾನು ಇಂಥವು ಎಷ್ಟು ನೋಡಿದೀನಿ, ಕ್ಲೇಮ್ ಪಾಸಾಗೋ ಹೊತ್ತಿಗೆ ಮನುಷ್ಯನೇ ಇರ್ತಿರ್ಲಿಲ್ಲ, ನನಗೆ ಸಿಟ್ಟು ಬರುತ್ತದೆ, ನಿಮಗ ತಿಳ್ಯಾಂಗಿಲ್ಲರೀ ಅಂತೀನಿ, ಅವರು ಹುಣಿಸೆ ಹಣ್ಣಿನ ಬೀಜ ಬಿಡಿಸುತ್ತಾ, ತಿಳಿಯೋದೇನು, ಮಗು ಗೋಡೆ ನೋಡ್ಕೊಂಡು ಕೂತಿರತ್ತೆ, ಅಷ್ಟು ತಿಳಿಯತ್ತೆ, ಅಂತಾರೆ.

ಫೋನು. ಸೀತಮ್ಮನವರದೇ. ಬಸ್ಸು ಕೋಲ್ಸ್ ಪಾರ್ಕಿನ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದೆ, ಇನ್ನೊಂದು ಕಿವಿ ಮುಚ್ಚಿಕೊಂಡೆ, ಏನಾಯ್ತಮ್ಮ ಕೋರ್ಟಲ್ಲಿ, ಮುಂದಕ್ಕೆ ಹಾಕಿದ್ರು, ದಸರಾ ಆದ ಮೇಲೆ, ಹೂಂ, ನೋಡು, ಬೈಬೇಡ, ಬೈದ್ರೆ ನನ್ನನ್ನ ಬೈ, ಮಗೂನ ಬೈಬೇಡ, ಏನ್ರೀ, ವೈಷ್ಣವಿ ಶಾಲೇಲಿದ್ದಾಳೆ. ಯಾವ ಶಾಲಿ. ಬೀದಿ ಕೊನೇದು, ನೀನು ಹೋದ ಮೇಲೆ ಕೆಳಗೆ ಬಂದ್ಳು, ಸ್ಕರ್ಟ್ ಹಾಕ್ಕೊಂಡೇ ಬಂದಿದ್ಳು, ಆಂಟಿ ಒಂದು ಬೆರಳು ಬಿಚ್ಚಿಕೊಡಿ ಗಿಡ್ಡ ಆಗಿದೆ ಅಂದ್ಳು, ಬಿಚ್ಚಿ ಹೊಲಿದೆ, ಆಮೇಲೆ, ಈಗ ನನ್ನ ಕರ್ಕೊಂಡು ಹೋಗಿ ಅಂದ್ಳು, ಎಲ್ಲಿಗೆ ಅಂದ್ರೆ ಎಲ್ಲಿಗಾದ್ರೂ ಸರಿ ಕ್ಲಾಸ್ ಇರೋ ಕಡೆಗೆ ಅಂದ್ಳು, ನಾನೇನು ಮಾಡ್ಲಿ ಹೇಳು, ಕರ್ಕೊಂಡು ಹೋದೆ. ನೀವ್ ಹೆಂಗ್ ಕರ್ಕೊಂಡು ಹೋದ್ರಿ, ನನ್ನ ಕೇಳದ, ನನ್ನ ದನಿ ಬಸ್ಸಿನ ತುಂಬ, ಕಂಡಕ್ಟರ್ ತಿರುಗಿದ, ಸೀತಮ್ಮ ಮಾತು ನಿಲ್ಲಿಸಲಿಲ್ಲ, ಹೆಡ್ ಮೇಡಂ ಕೂರಿಸ್ಕೊಂಡ್ರು, ಕೇಳಿದ್ರು, ನಿಮ್ಮಪ್ಪ ಎಲ್ಲಿದ್ದಾರೆ ಪುಟ್ಟಾ ಅಂತ, ಹೇಳಂಗಿಲ್ಲ ಮಿಸ್ ಅಂದ್ಳು, ಮೇಡಂ ಒಂದು ನಿಮಿಷ ಅವಳ ಮುಖ ನೋಡಿದ್ರು, ಆಯ್ತು ಬಿಡಮ್ಮ, ಹೇಳ್ಬೇಡ ಅಂತ ಹೇಳಿ ಸೈನ್ಯ ಅಂತ ಬರ್ಕೊಂಡ್ರು, ಮುಗೀತು. ಮುಗೀತು. ಐದು ತಿಂಗಳು, ಇಬ್ಬರು ವಕೀಲರು, ಒಂದು ಪಟ್ಟಿ, ಸ್ವಾಮಿ ಸ್ವಾಮಿ ಸ್ವಾಮಿ, ಅಲ್ಲಿ ಆಯ್ತು ಬಿಡಮ್ಮ. ನಿನ್ನ ಸೈನ್ ಬೇಕಂತೆ, ನಾಲ್ಕು ಗಂಟೆ ಒಳಗೆ ಬಂದ್ರೆ ರಿಜಿಸ್ಟರ್‌ಗೆ ಹತ್ತಿಸ್ತಾರಂತೆ, ಇಲ್ದಿದ್ರೆ ಇವತ್ತು ಸುಮ್ನೆ ಕೂತು ಬಂದಂಗೆ, ನಿನ್ನಿಷ್ಟ. ನನ್ನ ಇಷ್ಟ. ಮತ್ತೆ ನನ್ನ ಇಷ್ಟ.

ಗಂಟೆ ಮೂರೂ ಇಪ್ಪತ್ತು. ಎಷ್ಟು ಹೊತ್ತಿಗೆ ಹೋದಳಂತೆ, ಹತ್ತಕ್ಕೆ, ಅಂದರೆ ಸುದರ್ಶನ್ ಬೆವರು ಒರೆಸಿಕೊಳ್ಳುತ್ತಾ ಈ ಕ್ಷಣದವರೆಗೂ ಮಗು ಯಾವ ಶಾಲೆಯಲ್ಲೂ ಇಲ್ಲ ಸ್ವಾಮಿ ಎಂದು ಹೇಳುವಾಗ ಮಗು ಊಟದ ನಂತರದ ಪಿರಿಯಡ್ಡಿನಲ್ಲಿತ್ತು, ನಾನು ತಲೆಯಾಡಿಸುತ್ತಾ ನಿಂತಿದ್ದೆ, ಸುಳ್ಳಿಗೆ ತಲೆಯಾಡಿಸಿದ್ದೆ, ಸತ್ಯವನ್ನು ಹಲ್ಲಿನ ಹಿಂದೆ ಹಿಡಿದುಕೊಂಡಿದ್ದೆ. ಸೈನ್ ಹಾಕದೆ ಕೈ ಹಿಡಿದು ಎಳೆದುಕೊಂಡು ಬರಲೇ, ಇವತ್ತು ಸುಮ್ಮನೆ ಕೂತಿದ್ದಳು ಅಷ್ಟೇ, ಯಾರಿಗೂ ಗೊತ್ತಾಗುವುದಿಲ್ಲ, ಕೇಸು ಉಳಿಯುತ್ತದೆ, ದಸರಾವರೆಗೆ ಮತ್ತೆ ಗೋಡೆ, ದಸರಾ ಆದ ಮೇಲೆ ಮತ್ತೆ ಸ್ವಾಮಿ, ಇವರಿಗೆ ಏನು ಹೇಳಲಿ, ರಾತ್ರಿ ಫೋನು ಬಂದರೆ ಮೊದಲು ಕೇಳುವುದೇ ಇದು, ಏನಂದ್ರ ಕೋರ್ಟಿನ್ಯಾಗ, ನೀವು ಎಲ್ಲಿದ್ದೀರಿ ಅಂದ್ರ, ನೀ ಏನಂದಿ, ನಾನು ಹೇಳಲಿಲ್ಲ, ನಿಮ್ಮ ಮಗಳೂ ಹೇಳಲಿಲ್ಲ, ಅವಳಿಗೆ ಸೀಟು ಸಿಕ್ಕಿತು. ಇಳೀರಿ ಇಳೀರಿ, ನಿಮ್ಮ ಸ್ಟಾಪ್ ಬಂತು ಜಬಲ್ಪುರ, ಕಂಡಕ್ಟರ್, ಮುಖದಲ್ಲಿ ತಮಾಷೆ, ಇಳಿದೆ, ಬೇಕರಿಯ ಬಿಸಿ ಬನ್ನಿನ ವಾಸನೆ, ಚರ್ಚಿನ ಗೋಡೆ, ಫೈಲು ಕಂಕುಳಲ್ಲಿ ಜಾರುತ್ತಿದೆ, ಓಡುತ್ತಿದ್ದೇನೋ ನಡೆಯುತ್ತಿದ್ದೇನೋ, ಹೇಳಿಬಿಡಬೇಕು, ಎಳೆದುಕೊಂಡು ಬರಬೇಕು, ಇಲ್ಲ, ಸೈನ್, ಇಲ್ಲ, ಮೊದಲು ಸುದರ್ಶನನಿಗೆ ಫೋನ್, ಅವನು ಏನೆನ್ನುತ್ತಾನೆ ಗೊತ್ತು, ಸೀತಮ್ಮ ಏನೆನ್ನುತ್ತಾರೆ ಗೊತ್ತು, ಇವರು ಏನೆನ್ನುತ್ತಾರೆ — ಬೀದಿಯ ಕೊನೆ, ಹಸಿರು ಬಣ್ಣ ಕಿತ್ತುಹೋದ ಗೇಟು, ಅಂಗಳದಲ್ಲಿ ಆಟದ ಪಿರಿಯಡ್ಡು, ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದಾರೆ, ಎಲ್ಲರದೂ ನೀಲಿ, ನೀಲಿ, ನೀಲಿ, ಕೊನೆಯಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಒಬ್ಬಳು ಕಡು ಹಸಿರು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಾಳೆ, ನನ್ನನ್ನು ನೋಡಿಲ್ಲ, ಸೀಟಿ ಊದಿದರು, ಓಡಿದಳು, ನಾನು ಗೇಟಿನ ಸರಳು ಹಿಡಿದೆ, ಇನ್ನೊಂದು ಕೈಯಲ್ಲಿ ಪೆನ್ನಿದೆ, ಯಾವಾಗ ತೆಗೆದೆನೋ ಗೊತ್ತಿಲ್ಲ, ಅವಳು ಗೋಡೆ ಮುಟ್ಟಿ ತಿರುಗಿ ಈ ಕಡೆ ಓಡಿ ಬರುತ್ತಿದ್ದಾಳೆ, ಸ್ಕರ್ಟು ಹಾರುತ್ತಿದೆ, ಅಂಚಿಗಿಂತ ಮೇಲೆ ಒಂದು ಗೆರೆ, ಅದರ ಮೇಲೆ ಒಂದು, ಅದರ ಮೇಲೆ ಒಂದು, ಮೂರು ಗೆರೆ, ಸೂಜಿ ತೂತುಗಳ ಮೂರು ಸಾಲು, ಕೆಳಗೆ ಇನ್ನು ಒಂದೇ ಬೆರಳಿನ ಮಡಿಕೆ