ಉಪ್ಪಿನ ಕೈ

ಉಪ್ಪಿನ ಮೂಟೆಯ ಹೊಲಿಗೆ ಬೆರಳಿಗೆ ಬಗ್ಗದೆ ವಸಂತ್ ಕತ್ತರಿ ಕೇಳಿದ. ದಿವ್ಯ ಅಡುಗೆಮನೆಯಿಂದ ತಂದು ಗಂಡನ ಕೈಗಿತ್ತಳು. ಎರಡು ಮೂಟೆ ಕಲ್ಲುಪ್ಪು. ಮಧ್ಯಾಹ್ನ ಮಾವನನ್ನು ಹೂಳುವಾಗ ಗುಂಡಿಗೆ ಸುರಿಯಲು. ಒಂದು ಸಾಲದೇ ಎಂದು ವಸಂತ್ ಗೊಣಗಿದ್ದಕ್ಕೆ ಅವನ ಚಿಕ್ಕಪ್ಪ ಮುನಿನಾರಾಯಣಪ್ಪ ಕೂತಲ್ಲಿಂದಲೇ ಅಂದ:

"ನಿಮ್ಮಪ್ಪಂಗೆ ಉಪ್ಪು ಕಮ್ಮಿ ಮಾಡ್ತೀಯೇನೋ? ಎದ್ ಕೂತ್ಕೊಂಡು ಬೈತಾನೆ ನೋಡು."

ಅಂಗಳದಲ್ಲಿ ಒಂದಿಬ್ಬರು ನಕ್ಕರು. ದಿವ್ಯ ಒಳಗೆ ಹೋದಳು.

ಹಜಾರದಲ್ಲಿ ಬೈಲಪ್ಪ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ. ನಿನ್ನೆ ಮಲಗಿದವನು ಬೆಳಗ್ಗೆ ಎದ್ದಿರಲಿಲ್ಲ. ತಲೆಯ ಪಕ್ಕ ಅತ್ತೆ ಆಂಜನಮ್ಮ, ಅಳು ಮುಗಿದು, ಪೆಟ್ಟಿಗೆಯ ಮೇಲೆ ಕಟ್ಟುವ ಇಬ್ಬನಿಯನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಮಾಂಸದಂಗಡಿಯ ಕಲೀಮುಲ್ಲಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು, ಹೂವಿನ ಹಾರವಿಟ್ಟು, ಅವಳೆದುರು ನೆಲದ ಮೇಲೆ ಕೂತ.

"ಕೊರೊನಾ ಬಂದು ಮೂಗು, ನಾಲಿಗೆ ಎರಡೂ ಹೋಯ್ತು ಅಂದಾಗ ಬೈಲಣ್ಣಂದು ಇನ್ನು ಅಡುಗೆ ಮುಗೀತು ಅಂದ್ಕೊಂಡೆ ಅಕ್ಕ. ಆಮೇಲೂ ವರ್ಷಗಟ್ಲೆ ಮಾಡ್ದ. ನಾಲಿಗೆ ಸತ್ರೂ ಕೈ ಸಾಯ್ಲಿಲ್ಲ."

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಮಹದೇವಪುರದ ಹಳೇ ಮನೆಗಳಲ್ಲಿ ಬೈಲಪ್ಪನ ಭಾನುವಾರದ ತೊಡೆ ಮಾಂಸ ತಿನ್ನದವರು ಯಾರೂ ಇರಲಿಲ್ಲ. ಆದರೆ ಕೊನೆಯ ಕೆಲವು ವಾರ ಅವನು ಅಂಗಡಿಗೆ ಬಂದು, ಹಲಗೆಯ ಮೇಲೆ ಕೂತು, ಟೀ ಕುಡಿದು, ಬರಿಗೈಲಿ ಎದ್ದು ಹೋಗುತ್ತಿದ್ದನಂತೆ. ತನ್ನ ಮೇಲೇನೋ ಮುನಿಸು ಅಂದುಕೊಂಡಿದ್ದನಂತೆ ಕಲೀಮುಲ್ಲಾ.

ಅವನು ಎದ್ದು ಹೋದ ಮೇಲೆ ಆಂಜನಮ್ಮ ಸೊಸೆಯತ್ತ ಬಾಗಿದಳು.

"ನಿನ್ಗೊಬ್ಳಿಗೇ ಹೇಳ್ತೀನಿ. ನಿಮ್ಮಪ್ಪ ಅಮ್ಮ ಬಂದಿದ್ರಲ್ಲ, ಆವತ್ತು ಅವರು ಮಾಂಸಕ್ಕೆ ಉಪ್ಪು ಹಾಕ್ತಿರೋವಾಗ ನಾನೇ ಕರೆದೆ, ಮೇಲಿನ್ ಮನೆಯೋರು ನೀರಿಲ್ಲ ಅಂತ ಬಂದಿದ್ರು. ವಾಪಸ್ ಹೋಗಿ ಎರಡ್ನೇ ಸಲ ಹಾಕ್ಬಿಟ್ರು. ಅವರ ಕೈ ಕೆಡಿಸ್ದೋಳು ನಾನೇ ಕಣೆ."

ದಿವ್ಯಳ ಬಾಯಿ ತೆರೆದುಕೊಂಡಿತು. ಅಷ್ಟರಲ್ಲಿ ಯಾರೋ ದೀಪಕ್ಕೆ ಎಣ್ಣೆ ಕೇಳಿದರು.

*

ಭಾನುವಾರ ಅಡುಗೆಮನೆ ಬೈಲಪ್ಪನದು. ಇಡೀ ತೊಡೆಗೆ ಚಾಕುವಿನಿಂದ ಗೀರು ಹಾಕಿ, ಉಪ್ಪು ತಿಕ್ಕಿ, ತಟ್ಟೆ ಮುಚ್ಚಿಟ್ಟು ಸ್ನಾನಕ್ಕೆ ಹೋಗುತ್ತಿದ್ದ. ಬಂದ ಮೇಲೆ ಮೆಣಸು, ಕೊತ್ತಂಬರಿ ಬೀಜ, ಬೆಳ್ಳುಳ್ಳಿ ಅರೆದು ಸವರಿ, ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿಯ ಹಾಸಿನ ಮೇಲೆ ಮಲಗಿಸುವುದು. ಒಂದು ತೊಟ್ಟು ನೀರಿಲ್ಲ. ಮುಚ್ಚಳದ ಸುತ್ತ ರಾಗಿ ಹಿಟ್ಟು ಮೆತ್ತುವುದು. ಹಿತ್ತಲಿನ ಒಲೆಯಲ್ಲಿ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ರಾತ್ರಿ ಊಟಕ್ಕೆ ಎಲ್ಲರೂ ಕೂತ ಮೇಲೆಯೇ ಮುಚ್ಚಳ ಒಡೆಯುವುದು. ಆಮೇಲೆ ಒಂದೊಂದೇ ಮುಖ ನೋಡುತ್ತ, "ಹೆಂಗೈತೆ?" ಎಂದು ಕೇಳುವುದು.

ಒಡೆದು ಹೋದ ಹಾಲಿನ ಕಾಫಿಯನ್ನು ಅವನು ಸುಮ್ಮನೆ ಕುಡಿದು ಲೋಟ ಇಟ್ಟ ದಿನ ದಿವ್ಯಳಿಗೆ ಅವನ ನಾಲಿಗೆಯ ಗತಿ ಅರ್ಥವಾಗಿತ್ತು. ಆ ಭಾನುವಾರ ಅವನು ಸ್ನಾನಕ್ಕೆ ಹೋದಾಗ ತಟ್ಟೆ ಎತ್ತಿ ನೋಡಿದಳು. ಮಾಂಸದ ಮೇಲೆ ಉಪ್ಪು ಹರಳು ಹರಳಾಗಿ ಕೂತಿತ್ತು. ನಲ್ಲಿಯ ಕೆಳಗೆ ಹಿಡಿದು ತೊಳೆದು, ಬಟ್ಟೆಯಲ್ಲಿ ಒತ್ತಿ, ತಾನೇ ಉಪ್ಪು ತಿಕ್ಕಿ ಮುಚ್ಚಿಟ್ಟಳು. ರಾತ್ರಿ ಎಲ್ಲರೂ ಬೆರಳು ಚೀಪಿದರು. ಅಲ್ಲಿಂದ ಪ್ರತಿ ಭಾನುವಾರವೂ ಅದೇ. ಗಂಡನಿಗೂ ಹೇಳಲಿಲ್ಲ.

ಕೊನೆಯ ಸಲ ಅವಳ ಅಪ್ಪ ಅಮ್ಮ ಬಂದಿದ್ದರು. ಬೈಲಪ್ಪ ಖುಷಿಯಲ್ಲಿದ್ದ. "ನಮ್ ದಿವ್ಯಂಗೆ ಎಲ್ಲಾ ಬರುತ್ತೆ ಬೀಗರೇ, ಉಪ್ಪಿನ್ ಕೈ ಒಂದಿಲ್ಲ. ನಾನ್ ಹೋದ್ಮೇಲೆ ಇವರೆಲ್ಲ ಸಪ್ಪೆ ತಿನ್ಕೊಂಡಿರ್ಬೇಕು." ಎಲ್ಲರ ಜೊತೆ ದಿವ್ಯಳೂ ನಕ್ಕಳು. ಅವನು ಸ್ನಾನಕ್ಕೆ ಹೋದಾಗ ಅವಳು ಅಡುಗೆಮನೆಗೆ ಹೋಗಿ, ಮುಚ್ಚಿಟ್ಟ ತಟ್ಟೆಯನ್ನು ಮುಟ್ಟದೆ ದಾಟಿ, ಹಾಲು ಕಾಯಿಸಿಕೊಂಡು ಈಚೆ ಬಂದಳು.

ರಾತ್ರಿ ಅವಳ ಅಪ್ಪ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿದರು. ಮಿಕ್ಕವರ ಎಲೆಯಲ್ಲಿ ಮಾಂಸ ಹಾಗೆಯೇ ಇತ್ತು. ಬೈಲಪ್ಪ ಮಾತ್ರ ಚೆನ್ನಾಗಿ ತಿನ್ನುತ್ತಿದ್ದ. ನಿಧಾನಕ್ಕೆ ಎಲ್ಲರ ಎಲೆ ನೋಡಿದ. ಕೈಲಿದ್ದ ತುಂಡನ್ನು ಎಲೆಯಂಚಿಗೆ ಇಟ್ಟ. ಹೇಗಿದೆ ಎಂದು ಅವತ್ತು ಕೇಳಲಿಲ್ಲ.

*

ಮಾರದೆ ಉಳಿಸಿಕೊಂಡಿದ್ದ ತುಂಡು ಜಮೀನಿನಲ್ಲಿ, ಬೈಲಪ್ಪನ ತಂದೆಯ ಸಮಾಧಿಯ ಪಕ್ಕದಲ್ಲಿ, ಗುಂಡಿ ತೆಗೆದಿದ್ದರು. ಗೋಡೆಯಾಚೆ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಮಕ್ಕಳು ಕೂಗಾಡುತ್ತಿದ್ದರು. ಮೊದಲು ಮನೆಯವರು ಒಂದೊಂದು ಹಿಡಿ ಉಪ್ಪು ಹಾಕಬೇಕು. ದಿವ್ಯಳ ಬೆರಳ ತುದಿಯಲ್ಲಿ ನಾಲ್ಕು ಹರಳಿದ್ದವು.

"ಕೈತುಂಬ ತಗೊಳಮ್ಮ," ಎಂದ ಮುನಿನಾರಾಯಣಪ್ಪ.

ತಗೊಂಡಳು. ಆಮೇಲೆ ಮೂಟೆಗಳನ್ನು ಸುರಿದರು. ಆಂಜನಮ್ಮ ಗುಂಡಿಯತ್ತ ನೋಡದೆ, ತನ್ನ ಕೈಯನ್ನೇ ಸೀರೆಗೆ ಒರೆಸಿಕೊಳ್ಳುತ್ತಿದ್ದಳು, ಒರೆಸಿಯೇ ಒರೆಸಿಕೊಳ್ಳುತ್ತಿದ್ದಳು.

ಸಂಜೆ ಎಲ್ಲರ ಸ್ನಾನವಾಯಿತು. ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯವರು ಅನ್ನ, ಬೇಳೆ ಸಾರು ತಂದಿಟ್ಟರು. ಆಂಜನಮ್ಮ ಊಟ ಬೇಡವೆಂದು ಹಿತ್ತಲ ಕಟ್ಟೆಯ ಮೇಲೆ ಕೂತಳು. ದಿವ್ಯ ತಟ್ಟೆ ಹಿಡಿದು ಬಂದಳು. ಬಂದವಳು ಅದನ್ನು ಕೆಳಗಿಟ್ಟಳು.

"ಅತ್ತೆ, ಮಾವ ಎರಡ್ಸಲ ಹಾಕಿರ್ಲಿಲ್ಲ. ಯಾವಾಗ್ಲೂ ಅಷ್ಟೇ ಹಾಕ್ತಿದ್ರು. ನಾನು ತೊಳೀತಿದ್ದೆ."

"ಏನ್ ತೊಳೀತಿದ್ದೆ?"

"ಮಾಂಸ. ಅವರು ಸ್ನಾನಕ್ಕೆ ಹೋದಾಗ. ತೊಳ್ದು ನಾನೇ ಉಪ್ಪು ಹಾಕಿಡ್ತಿದ್ದೆ." ದಿವ್ಯ ಹಿತ್ತಲಿನ ಆರಿದ ಒಲೆಯತ್ತ ನೋಡಿದಳು. "ಆವತ್ತು ತೊಳೀಲಿಲ್ಲ. ಬೇಕಂತ್ಲೇ."

ಆಂಜನಮ್ಮ ಸೊಸೆಯ ಮುಖ ನೋಡಿದಳು.

"ಕೊರೊನಾ ಆದಾಗ್ನಿಂದಾನಾ?"

"ಹೂಂ."

"ಹಂಗಾದ್ರೆ ಇಷ್ಟ್ ವರ್ಷ ನಾನ್ ತಿಂದಿದ್ದು ಅವರ್ ಕೈದಲ್ಲ."

ಅವಳು ಕಟ್ಟೆಯ ಮೇಲೆ ದೂರ ಸರಿದು ಕೂತಳು. ದಿವ್ಯ ನಿಂತೇ ಇದ್ದಳು. ಒಳಗೆ ಯಾರೋ ಇನ್ನೊಂದು ಸುತ್ತು ಸಾರು ಕೇಳಿದರು, ಸೌಟು ಪಾತ್ರೆಗೆ ತಗುಲಿತು. ತಟ್ಟೆಯಲ್ಲಿ ಅನ್ನ ಆರಿತು. ಇನ್ನು ಒಳಗೆ ಹೋಗೋಣವೆಂದು ದಿವ್ಯ ತಿರುಗಿದಾಗ ಅತ್ತೆಯ ದನಿ ಕೇಳಿತು.

"ಎಷ್ಟು ಹಾಕ್ತಿದ್ದೆ?"

ದಿವ್ಯ ಬಲಗೈ ಚಾಚಿ ಅಂಗೈಯನ್ನು ಬೊಗಸೆಯಂತೆ ಗುಳಿ ಮಾಡಿದಳು. ಆಂಜನಮ್ಮ ಆ ಕೈಯನ್ನು ಬಚ್ಚಲುಮನೆಯ ಬಲ್ಬಿನ ಬೆಳಕಿಗೆ ಎಳೆದುಕೊಂಡು, ಗುಳಿಯೊಳಗೆ ಏನೋ ಇದೆಯೆಂಬಂತೆ ದಿಟ್ಟಿಸಿ ನೋಡಿದಳು. ಆಮೇಲೆ ಸೊಸೆಯ ಕಿರುಬೆರಳನ್ನು ಮೆಲ್ಲಗೆ ಒಳಕ್ಕೆ ಮಡಚಿದಳು.

"ಮುಂಚೆ ಅವರದು ಇಷ್ಟೇ ಇದ್ದಿದ್ದು," ಎಂದಳು. ಮಡಚಿದ ಬೆರಳನ್ನು ಬಿಡದೆ ಹಾಗೆಯೇ ಹಿಡಿದುಕೊಂಡಿದ್ದಳು.