ಸೆಕೆಂಡಿಗೆ ನೂರ ನಲವತ್ತೆಂಟು ಮೀಟರ್

ಅಝೀಮ್ ಚೀಲದಿಂದ ಹೊರತೆಗೆದ ಯಂತ್ರ ಸಾಬೂನಿನ ಡಬ್ಬಿಗಿಂತ ದೊಡ್ಡದಿರಲಿಲ್ಲ. ಲೋಕನಾಥ ಅದನ್ನು ಮೇಲೆ ಕೆಳಗೆ ತಿರುಗಿಸಿ, ಗುಂಡು ತೂರುವ ತೂತು ಎಲ್ಲಿದೆ ಎಂದು ಹುಡುಕಿದ.

"ಇದರಲ್ಲಿ ಗುಂಡು ಎಲ್ಲಿಂದ ಹೋಗುವುದು ಮಾರಾಯ?"

"ಒಳಗೆ ಹೋಗುವುದಿಲ್ಲ ಲೋಕಣ್ಣ. ಇದು ರಾಡಾರ್. ರೈಫಲ್ಲಿನ ಪಕ್ಕ ಸುಮ್ಮನೆ ಕೂತಿರ್ತದೆ. ಗುಂಡು ಹೊರಟ ಕೂಡಲೇ ಅದು ಎಷ್ಟು ವೇಗದಲ್ಲಿ ಹೋಯಿತು ಅಂತ ಫೋನಿಗೆ ಹೇಳ್ತದೆ."

"ಓ, ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವವರ ಲೆಕ್ಕ ಇಡುವ ಹಾಗೆ."

"ಹಾಗೇ. ಆದರೆ ಇದು ಸುಳ್ಳು ಹೇಳುವುದಿಲ್ಲ."

ಶಾರ್ಜಾದಿಂದ ರಜೆಗೆ ಬಂದಿದ್ದ ಅಝೀಮ್, ಕೋಚ್ ಉಸ್ಮಾನರ ಅಕ್ಕನ ಮಗ. ಮಾವನಿಗೆಂದು ಖರ್ಜೂರದ ಜತೆ ಈ ಯಂತ್ರವನ್ನೂ ತಂದಿದ್ದ. ಉಸ್ಮಾನ್ ಖರ್ಜೂರವನ್ನು ಮನೆಗೆ ಕೊಟ್ಟು, ಯಂತ್ರವನ್ನು ಮಾತ್ರ ಮೂಡುಬಿದಿರೆಯ ತನ್ನ ಶೂಟಿಂಗ್ ರೇಂಜಿಗೆ ತಂದಿದ್ದರು. ರೇಂಜ್ ಎಂದರೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಒಂದು ಉದ್ದನೆಯ ಶೆಡ್ಡು. ಹತ್ತು ಮೀಟರ್ ಆಚೆ ಗುರಿಯ ಕಾಗದಗಳು, ಈಚೆ ಮೂರು ಮೇಜು. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ಲಿಗೆ ಅಷ್ಟು ಸಾಕು.

ಲೋಕನಾಥನಿಗೆ ಆ ದಿನ ಆ ಯಂತ್ರ ಸತ್ಯವನ್ನೇ ಹೇಳಬೇಕಿತ್ತು, ಆದರೆ ತನಗೆ ಬೇಕಾದ ಸತ್ಯವನ್ನು. ಮಗಳು ವಿಜೇತಾ ದ್ವಿತೀಯ ಪಿಯುಸಿ. ಸಂಜೆ ಅಭ್ಯಾಸದಲ್ಲಿ ಅವಳ ಗುಂಡುಗಳು ನಡುಮಧ್ಯಕ್ಕೆ ಹೋಗಿ ಕೂರುತ್ತಿದ್ದವು. ಬೆಳಗ್ಗೆ ಅದೇ ಹುಡುಗಿ, ಅದೇ ರೈಫಲ್ಲು, ಗುಂಡುಗಳೆಲ್ಲ ಸಾಲಾಗಿ ಕೆಳಗೆ. ಡಿಸೆಂಬರ್ ಶುರುವಾದಾಗಿನಿಂದ ಇದೇ ಪಾಡು. ರಾಜ್ಯ ಮಟ್ಟದ ಸ್ಪರ್ಧೆ ನಡೆಯುವುದು ಬೆಳಗ್ಗೆ ಎಂಟಕ್ಕೆ. ಉಸ್ಮಾನ್ ಮೂರು ಹೆಸರು ಕಳಿಸಬೇಕಿತ್ತು. ಎರಡು ಆಗಿತ್ತು, ಮೂರನೆಯದನ್ನು ಈವತ್ತು ಹತ್ತು ಗಂಟೆಯೊಳಗೆ ಹೇಳಬೇಕು.

"ಕೋವಿಯದ್ದೇ ಸಮಸ್ಯೆ ಉಸ್ಮಾನಾಕ," ಎಂದು ಲೋಕನಾಥ ಹದಿನೈದು ದಿನದಿಂದ ವಾದಿಸುತ್ತಿದ್ದ.

"ಕೋವಿಗೆ ಬೆಳಗ್ಗೆ ಯಾವುದು ಸಂಜೆ ಯಾವುದು ಅಂತ ಗೊತ್ತುಂಟಾ ಶೆಟ್ರೆ? ಮಗುವಿಗೆ ಬೆಳಗ್ಗೆ ಹೆದರಿಕೆ. ಅದು ತಪ್ಪಲ್ಲ. ಆದರೆ ಹೆದರುವವಳನ್ನು ಕಳಿಸಿದರೆ ಅವಳಿಗೇ ಕಷ್ಟ," ಎಂದು ಉಸ್ಮಾನ್ ಮೆಲ್ಲನೆ ಹೇಳುತ್ತಿದ್ದರು.

ಹಾಗಾಗಿ ಬಂಟ್ವಾಳ ಪೇಟೆಯ ತನ್ನ ಹೋಟೆಲನ್ನು ಭಾನುವಾರದ ಗಿರಾಕಿಗಳ ಸಮೇತ ಹೆಂಡತಿ ಕಾಂತಿಯ ತಲೆಗೆ ಕಟ್ಟಿ, ಮಗಳನ್ನು ಸ್ಕೂಟರಿನ ಹಿಂದೆ, ಬೆಳಗ್ಗೆ ಕರಿದ ಗೋಳಿಬಜೆಯ ಡಬ್ಬಿಯನ್ನು ಮುಂದೆ ಇಟ್ಟುಕೊಂಡು ಲೋಕನಾಥ ಸಿದ್ದಕಟ್ಟೆ ಮಾರ್ಗವಾಗಿ ಬಂದಿದ್ದ. ದಾರಿಯುದ್ದಕ್ಕೂ ಮಂಜು. ಹಲ್ಲು ಕಟಕಟ.

ಮೊದಲು ಉಸ್ಮಾನ್ ತಮ್ಮ ರೈಫಲ್ಲಿನಿಂದ ಮೂರು ಗುಂಡು ಹೊಡೆದರು. ಅಝೀಮನ ಫೋನಿನಲ್ಲಿ ಅಂಕೆಗಳು ಮೂಡಿದವು: ಸೆಕೆಂಡಿಗೆ ನೂರ ಎಪ್ಪತ್ತೆರಡು ಮೀಟರ್, ನೂರ ಎಪ್ಪತ್ತೊಂದು, ನೂರ ಎಪ್ಪತ್ತೆರಡು.

"ಸರಿಯಾದ ರೈಫಲ್ಲು ಅಂದರೆ ಇಷ್ಟು ಬರಬೇಕು. ಬಾ ಮಗ," ಎಂದರು.

ವಿಜೇತಾ ನಿಂತಳು, ಉಸಿರು ಬಿಟ್ಟಳು, ಹೊಡೆದಳು. ಟಪ್.

ಅಝೀಮ್ ಫೋನನ್ನು ನೋಡಿದ. ಉಜ್ಜಿ ಮತ್ತೆ ನೋಡಿದ. "ನೂರ ನಲವತ್ತೆಂಟು."

ಎರಡನೆಯದು ನೂರ ಐವತ್ತೊಂದು. ಮೂರನೆಯದು ನೂರ ನಲವತ್ತಾರು. ಉಸ್ಮಾನ್ ಅವಳ ಕೈಯಿಂದ ರೈಫಲ್ಲು ತೆಗೆದುಕೊಂಡು ತಾವೇ ಹೊಡೆದರು. ನೂರ ನಲವತ್ತೊಂಬತ್ತು. ಗುಂಡು ಅವರದ್ದೂ ಕೆಳಗೇ ಹೋಯಿತು.

"ನಿಧಾನ ಹೋದರೆ ಬೀಳ್ತದೆ," ಎಂದರು ಉಸ್ಮಾನ್, ತಮಗೆ ತಾವೇ ಎಂಬಂತೆ. "ಕೈ ಸರಿ ಉಂಟು ಇವಳದ್ದು."

ಲೋಕನಾಥನಿಗೆ ಅಷ್ಟೇ ಸಾಕಾಯಿತು. ಐವತ್ತೆರಡು ವರ್ಷದ, ನೂರಾರು ದೋಸೆ ಹೊಯ್ದು ಸೊಂಟ ಹಿಡಿದ ಆ ಮನುಷ್ಯ ಶೆಡ್ಡಿನೊಳಗೆ ಎರಡು ಸುತ್ತು ಕುಣಿದ. ಕಾಂತಿಗೆ ಫೋನು ಹಚ್ಚಿದ. "ಕೋವಿಯದ್ದೇ ಕಣೆ! ರಾಡಾರ್ ಹೇಳಿತು! ನಮ್ಮ ಮಗಳಿಗೆ ಹೆದರಿಕೆ ಅಂತೆ ಹೆದರಿಕೆ!" ಆ ಕಡೆಯಿಂದ ಕಾಂತಿ, "ಸಾಂಬಾರಿಗೆ ಉಪ್ಪು ಹಾಕಿದ್ದೀರಾ ಇಲ್ವಾ, ಅದು ಹೇಳಿ ಮೊದಲು," ಎಂದಳು. ಹಾಕಿರಲಿಲ್ಲ. ಅದಕ್ಕೂ ನಕ್ಕ.

ಡಬ್ಬಿ ಬಿಚ್ಚಿಕೊಂಡಿತು. ಹೆಗ್ಗಳಿಕೆಯೂ ಬಿಚ್ಚಿಕೊಂಡಿತು. ಯಂತ್ರದ ಮೇಲೆ ಪ್ರೀತಿ ಉಕ್ಕಿ ಲೋಕನಾಥ ಒಂದು ಗೋಳಿಬಜೆಯನ್ನು ಅದರ ಮುಂದೆ ರೊಯ್ಯನೆ ಎಸೆದು, "ಇದು ಎಷ್ಟು ಬಂತು ನೋಡು ಅಝೀಮ್!" ಎಂದ.

"ಏನೂ ಬರಲಿಲ್ಲ ಲೋಕಣ್ಣ. ಇದಕ್ಕೆ ಇನ್ನೂ ವೇಗ ಬೇಕು."

"ನಮ್ಮ ಹೋಟೆಲಿನಲ್ಲಿ ಇದು ಖಾಲಿಯಾಗುವ ವೇಗ ನೋಡಬೇಕಿತ್ತು ನೀನು."

"ಪಪ್ಪ, ಸಾಕು," ಎಂದಳು ವಿಜೇತಾ. ಆದರೆ ಅವಳ ಮುಖವೂ ತಿಂಗಳ ನಂತರ ಅರಳಿತ್ತು. ಅಝೀಮ್ ರಬ್ಬರ್ ಬ್ಯಾಂಡಿನಲ್ಲಿ ಕಾಗದದುಂಡೆ ಹೊಡೆದ. ಯಂತ್ರ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೀಗೆ ತಿಂದು, ಎಸೆದು, ನಕ್ಕು ಒಂದೂವರೆ ಗಂಟೆ ಕಳೆಯಿತು. ಬಿಸಿಲು ಮಾಡಿನ ಗಾಜಿನ ಹೆಂಚಿನಿಂದ ಇಳಿದು ಮೇಜಿನ ಮೇಲೆ, ರೈಫಲ್ಲಿನ ಮೇಲೆ ಮಲಗಿತು.

"ಯಾವ ಭಾಗ ಹಾಳಾಗಿದೆ ಅಂತ ನೋಡುವ. ಇನ್ನೊಂದು ಸಲ ಹೊಡಿ," ಎಂದರು ಉಸ್ಮಾನ್.

ವಿಜೇತಾ ಹೊಡೆದಳು. ನೂರ ಅರವತ್ತಾರು. ಮತ್ತೆ. ನೂರ ಎಪ್ಪತ್ತು. ಮತ್ತೆ. ನೂರ ಎಪ್ಪತ್ತೆರಡು.

ಲೋಕನಾಥನ ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. "ಎಂತ ಇದು? ವಾಸಿಯಾಯ್ತಾ? ತನ್ನಷ್ಟಕ್ಕೆ?"

"ಇವತ್ತು ವಾಸಿ, ನಾಳೆ ಬೆಳಗ್ಗೆ ಪುನಃ ಕಾಯಿಲೆ. ಕಾರಣ ಸಿಗದೆ ನಾನು ಹೆಸರು ಹೇಗೆ ಕಳಿಸುವುದು ಶೆಟ್ರೆ?" ಉಸ್ಮಾನ್ ಗಡಿಯಾರ ನೋಡಿದರು. ಒಂಬತ್ತು ಕಾಲು. ಅವರು ಸ್ಕ್ರೂ ಬಿಚ್ಚಿ, ರೈಫಲ್ಲಿನ ಹಿಂದಿನ ಭಾಗವನ್ನು ಎಳೆದರು. ನೆರಳಿನಲ್ಲಿ ಉಳಿದಿದ್ದ ಒಂದು ಮೂಲೆಯಲ್ಲಿ ಬೆಳ್ಳಗಿನದೇನೋ ಮೆತ್ತಿಕೊಂಡಿತ್ತು. ಉಳಿದೆಡೆ ಅದೇ ಕರಗಿ ಹನಿಯುತ್ತಿತ್ತು. ಬೆರಳಿಗೆ ತಗುಲಿಸಿ ಮೂಸಿದರು. ಅಝೀಮನಿಗೆ ಹಿಡಿದರು. ಅವನೂ ಮೂಸಿದ.

"ಮಾಮ, ಇದು ತಲೆಗೆ ಹಾಕುವುದಲ್ವಾ?"

"ತೆಂಗಿನೆಣ್ಣೆ," ಎಂದರು ಉಸ್ಮಾನ್. "ರೈಫಲ್ಲಿನೊಳಗೆ ತೆಂಗಿನೆಣ್ಣೆ! ಚಳಿಗೆ ಗಟ್ಟಿಯಾಗಿ, ಗಾಳಿಯ ಬಾಯಿ ತೆರೆಯುವ ಸುತ್ತಿಗೆಯನ್ನೇ ಹಿಡ್ಕೊಂಡಿದೆ. ಬಿಸಿಲು ಬಂದಾಗ ಕರಗಿ ಬಿಟ್ಟುಕೊಡ್ತದೆ. ಇದನ್ನು ಹಾಕಿದ ಮಹಾನುಭಾವ ಯಾರು?"

ಶೆಡ್ಡಿನಲ್ಲಿ ಇದ್ದವರು ನಾಲ್ಕೇ ಜನ. ಮೂವರು ನಾಲ್ಕನೆಯವನ ಕಡೆ ತಿರುಗಿದರು.

ಅಳದಂಗಡಿಯ ಮನೆಯಲ್ಲಿ ಲೋಕನಾಥನ ತಂದೆ ಹಂದಿ ಓಡಿಸುವ ಕೋವಿಗೆ ಪ್ರತಿ ಶನಿವಾರ ತೆಂಗಿನೆಣ್ಣೆ ಸವರಿ, ಸಂದುಗೊಂದಿಗೂ ಹನಿಸಿ, ಮಗುವಿಗೆ ಅಭ್ಯಂಜನ ಮಾಡಿಸುವ ಹಾಗೆ ತಿಕ್ಕುತ್ತಿದ್ದರು. ಕೋವಿ ತುಕ್ಕು ಹಿಡಿದದ್ದೇ ಇಲ್ಲ. ದೀಪಾವಳಿಗೆ ಸೋದರಮಾವ ವಿಜೇತಾಳಿಗೆ ಈ ರೈಫಲ್ಲು ಕೊಡಿಸಿದಂದಿನಿಂದ, ಶನಿವಾರ ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ, ಲೋಕನಾಥನೂ ಯಾರಿಗೂ ಹೇಳದೆ ಅದನ್ನೇ ಮಾಡುತ್ತ ಬಂದಿದ್ದ. ಮಗಳಿಗೆ ತಾನು ಮಾಡಬಹುದಾದ ಸೇವೆ ಅಷ್ಟಾದರೂ ಇರಲಿ ಎಂದು.

"ಒಳ್ಳೆ ಎಣ್ಣೆಯೇ," ಎಂದ ಲೋಕನಾಥ. "ಗಾಣದ್ದು."

ವಿಜೇತಾ ಅವನನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡ, ಬೈದರೆ ಒಳ್ಳೆಯದಿತ್ತು. ಅವಳ ಗಲ್ಲ ನಡುಗಿತು, ಭುಜ ನಡುಗಿತು, ಆಮೇಲೆ "ಗಾಣದ್ದು!" ಎಂದು ಕಿರುಚಿ ಹೊಟ್ಟೆ ಹಿಡಿದು ನೆಲಕ್ಕೆ ಕೂತಳು. ಅಝೀಮ್ ಗೋಡೆಗೆ ಒರಗಿದ. ಉಸ್ಮಾನರೂ ಕನ್ನಡಕ ತೆಗೆದು ಕಣ್ಣೊರಸಿಕೊಂಡರು.

ಬಟ್ಟೆಯಲ್ಲಿ ಒರಸಿ ಒರಸಿ ರೈಫಲ್ಲನ್ನು ಪುನಃ ಜೋಡಿಸುವಾಗ ಹತ್ತಕ್ಕೆ ಇಪ್ಪತ್ತು ನಿಮಿಷ.

"ಹತ್ತು ಗುಂಡು," ಎಂದರು ಉಸ್ಮಾನ್. "ನೂರಕ್ಕೆ ತೊಂಬತ್ತೈದು ಬಂದರೆ ಹೆಸರು ಹೋಗ್ತದೆ. ಕಡಿಮೆಯಾದರೆ ನನ್ನ ಹತ್ತಿರ ಕೇಳಬೇಡಿ."

ವಿಜೇತಾ ರೈಫಲ್ಲು ಎತ್ತಿದಳು. ಓರೆಗಣ್ಣಿಗೆ ಪಪ್ಪ ಬಿದ್ದ. ರೈಫಲ್ಲು ಗಲಗಲ ಅಲುಗಿತು. ಇಳಿಸಿದಳು. ಮತ್ತೆ ಎತ್ತಿದಳು. ಮತ್ತೆ ಪಪ್ಪ. ಮೂಗಿನಿಂದ ನಗು ಪುಸಕ್ಕೆಂದಿತು.

"ಸರ್, ಆಗುವುದಿಲ್ಲ! ಅವರ ಮುಖ ನೋಡಿ!"

"ಶೆಟ್ರೆ, ಹೊರಗೆ."

"ನಾನು ಎಂತ ಮಾಡಿದೆ? ಸುಮ್ಮನೆ ನಿಂತಿದ್ದೇನೆ."

"ಅದೇ. ಹೊರಗೆ ಹೋಗಿ ನಿಲ್ಲಿ."

ಲೋಕನಾಥ ಹೊರಗೆ ಬಂದು ಸ್ಕೂಟರಿನ ಪಕ್ಕ, ಶೆಡ್ಡಿಗೆ ಬೆನ್ನು ಹಾಕಿ, ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತ. ಹದಿನೈದು ದಿನ ಕೋವಿಯನ್ನು ಬೈದವನು ಈಗ ಯಾರನ್ನು ಬೈಯುವುದು? ಒಳಗೆ ಟಪ್ ಎಂದಿತು. ಬೆರಳು ಮಡಚಿದ. ಟಪ್. ಇನ್ನೊಂದು ಬೆರಳು. ಆರರವರೆಗೆ ಸರಾಗವಾಗಿ ಬಂತು. ಆಮೇಲೆ ಮೌನ. ಉದ್ದನೆಯ ಮೌನ. ಅದರ ಕೊನೆಗೆ ಒಂದು ಟಪ್, ಜತೆಗೇ ನಗುವಿನ ಸ್ಫೋಟ, ಮೇಲಿಂದ ಉಸ್ಮಾನರ ಗದರಿಕೆ. ಲೋಕನಾಥ ಕಣ್ಣು ಮುಚ್ಚಿಕೊಂಡ. ಎಂಟು. ಒಂಬತ್ತು. ಹತ್ತು.

ಅಝೀಮ್ ಫೋನು ಹಿಡಿದು ಓಡಿ ಬಂದ. "ಲೋಕಣ್ಣ, ಹತ್ತಕ್ಕೆ ಹತ್ತೂ ನೂರ ಎಪ್ಪತ್ತೊಂದರ ಮೇಲೆ!"

"ವೇಗ ಯಾರಿಗೆ ಬೇಕು ಮಾರಾಯ! ಅಂಕ ಹೇಳು!"

"ಅಂಕ ಇದರಲ್ಲಿ ಬರುವುದಿಲ್ಲ."

ಅಷ್ಟರಲ್ಲಿ ಒಳಗೆ ಉಸ್ಮಾನ್ ಫೋನಿನಲ್ಲಿ ಯಾರಿಗೋ ನಿಧಾನವಾಗಿ ಬರೆಸುತ್ತಿದ್ದದ್ದು ಕೇಳಿಸಿತು: "ಹೌದು, ಮೂರನೆಯದು. ವಿಜೇತಾ. ತಂದೆಯ ಹೆಸರು ಲೋಕನಾಥ. ಊರು ಬಂಟ್ವಾಳ."

ಲೋಕನಾಥ ಬಾಗಿಲಿಗೆ ನುಗ್ಗಿದ. ಮಗಳು ಗುರಿಯ ಕಾಗದವನ್ನು ಅವನ ಮುಖದ ಮುಂದೆ ಹಿಡಿದಳು. ನಡುವಿನಲ್ಲಿ ಒಂಬತ್ತು ಗುಂಡುಗಳು ಸೇರಿ ಕೊರೆದ ಒಂದೇ ತೂತು. ಕೆಳಗೆ ಎಡಕ್ಕೆ ಮಾತ್ರ ಒಂದು ಒಂಟಿ ತೂತು.

"ತೊಂಬತ್ತೇಳು ಪಪ್ಪ!"

ಅವನ ಕಣ್ಣಿನಲ್ಲಿ ನೀರು ಬಂತು. ಆದರೂ ಹೋಟೆಲಿನವನ ಬಾಯಿ ಸುಮ್ಮನಿರಲಿಲ್ಲ. "ಉಳಿದ ಮೂರು ಎಲ್ಲಿ ಹೋಯಿತು?"

"ಏಳನೇ ಗುಂಡಿಗೆ," ಎಂದಳು ವಿಜೇತಾ, ಮತ್ತೆ ನಗುತ್ತ, "ನೀವು ಹೊರಗೆ ಗೋಡೆ ನೋಡ್ತಾ ನಿಂತದ್ದು ಕಿಟಕಿಯಲ್ಲಿ ಕಾಣಿಸಿತು."