ಯಂತ್ರಕ್ಕೆ ಹೊದಿಸಿದ ಚಾದರ

ನಮ್ಮ ಓಣಿಯಲ್ಲಿ ನನ್ನನ್ನು ಪೊರಕೆ ಅಜ್ಜಿ ಎನ್ನುತ್ತಾರೆ. ಅನ್ನಲಿ, ನನಗೇನು! ದಿನಕ್ಕೆ ನಾಲ್ಕು ಸಲ ಗುಡಿಸುತ್ತೇನೆ. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗಣಿಯ ಲಾರಿ ಬಂತೇ ಬಂತು. ಅದಿರು ತುಂಬಿಕೊಂಡು, ಮೇಲೊಂದು ಹೊದಿಕೆಯೂ ಇಲ್ಲದೆ ಧಡಧಡ ಎಂದು ಹೋಯಿತೆಂದರೆ ಹೊಸಿಲು, ಕಿಟಕಿ, ನೀರಿನ ಕೊಡ ಎಲ್ಲ ಕೆಂಪು. ಮತ್ತೆ ಪೊರಕೆ ಹಿಡಿಯಬೇಕು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಆದರೆ ಮೊಮ್ಮಗಳ ಎದೆಯನ್ನು ಯಾವ ಪೊರಕೆಯಿಂದ ಗುಡಿಸಲಿ? ಆರು ವರ್ಷದ ಕೂಸು. ಕೆಮ್ಮು ಶುರುವಾದರೆ ತುಟಿ ನೀಲಿಗಟ್ಟುವವರೆಗೂ ಬಿಡುವುದಿಲ್ಲ. ಸೊಸೆ ಬಟ್ಟೆಯ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು.

"ಗುರುವಾರ ಕಂಪನಿಯವರ ಸಭೆ ಇದೆಯಲ್ಲ, ಅಲ್ಲಿ ಲಾರಿ ದಾರಿ ಬದಲಾಯಿಸ್ತೀವಿ ಅಂದ್ರೆ ಸರಿ. ಇಲ್ಲಾಂದ್ರೆ ಶುಕ್ರವಾರ ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ ಅತ್ತೆ. ಆಮೇಲೆ ಬಾ ಅಂತ ಕರೀಬೇಡಿ."

ಅವಳ ಮಾತಿನಲ್ಲಿ ತಪ್ಪೇನಿತ್ತು? ಆದರೆ ಆ ಕೂಸಿಲ್ಲದ ಮನೆಯನ್ನು ನಾನು ಗುಡಿಸುವುದಾದರೂ ಯಾರಿಗಾಗಿ?

ಮಂಗಳವಾರ ಸಂಜೆ ನರ್ಸಮ್ಮ ಬಂದಳು. ಕಂಪನಿಯವರು ಕಟ್ಟಿಸಿದ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸ. ಕೈಯಲ್ಲೊಂದು ಕಾಗದ.

"ಅಜ್ಜಿ, ಕಂಪನಿ ವರದಿ ನೋಡಿದ್ರಾ? ಊರಲ್ಲೆಲ್ಲ ನಿಮ್ಮ ಓಣಿ ಗಾಳಿನೇ ಶುದ್ಧವಂತೆ! ಅದಕ್ಕೇ ದಾರಿ ಬದಲಾಯಿಸೋದು ಬೇಡವಂತೆ. ಕೆಮ್ಮು ಅಂತ ನನ್ನ ಹತ್ರ ಬರೋರಲ್ಲಿ ಅರ್ಧಕ್ಕರ್ಧ ಇದೇ ಓಣಿಯವರು. ಇದು ಹೇಗಾಗುತ್ತೆ? ಧೂಳು ಅಳೆಯೋ ಯಂತ್ರ ನಿಮ್ಮ ಮಾಳಿಗೆ ಮೇಲೇ ಇಟ್ಟಿದ್ದಾರಲ್ಲ, ಒಂದ್ಸಲ ನೋಡೋಣ ಬನ್ನಿ."

ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಯಂತ್ರ ಮೈತುಂಬ ಚಾದರ ಹೊದ್ದುಕೊಂಡಿತ್ತು.

"ಇದ್ಯಾರು ಹೊದಿಸಿದ್ದು?"

"ನಾನೇ," ಎಂದೆ ಹೆಮ್ಮೆಯಿಂದ. "ಅಷ್ಟು ದುಬಾರಿ ಯಂತ್ರ, ಧೂಳು ಕೂತು ಹಾಳಾಗಲ್ವಾ? ಅದನ್ನ ನೋಡ್ಕೊಳ್ಳೋನು ಪ್ರತಿ ಸೋಮವಾರ ಬರ್ತಾನೆ. ಅವನು ಬರೋ ಮುಂಚೆ ಚಾದರ ತೆಗೆದು, ಒರೆಸಿ, ಫಳಫಳ ಅನ್ನೋ ಹಾಗೆ ಇಡ್ತೀನಿ. ಎಷ್ಟು ಚೊಕ್ಕಟ ಅಜ್ಜಿ ಅಂತಾನೆ."

ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜಿ! ಧೂಳು ಕುಡಿಯೋದೇ ಅದರ ಕೆಲಸ. ಗಾಳಿ ಒಳಗೆ ಎಳ್ಕೊಳ್ಳುತ್ತೆ, ಒಳಗಿರೋ ಕಾಗದದ ಮೇಲೆ ಎಷ್ಟು ಧೂಳು ಕೂತಿದೆ ಅಂತ ತೂಗಿ ಹೇಳ್ತಾರೆ. ನೀವು ಅದರ ಮೂಗು ಬಾಯಿ ಕಟ್ಟಿದ್ರೆ ಪಾಪ ಅದೇನು ಹೇಳುತ್ತೆ?"

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದ್ದು ನಾನು, ಉಣ್ಣುತ್ತಿದ್ದುದು ಕೂಸು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಚಾದರ ಹಿಡಿದು ಅಂಗಳಕ್ಕೆ ಇಳಿಯುವಾಗ ಮಗ ಕೆಲಸ ಮುಗಿಸಿ ಬಂದ. ಅವನೂ ಅದೇ ಗಣಿಯಲ್ಲಿ ಲಾರಿ ಓಡಿಸುವವನು. ವಿಷಯ ಕೇಳಿ ಬೆಂಕಿಯಾದ.

"ಯಾರ ಹತ್ರಾನೂ ಬಾಯಿ ಬಿಡಬೇಡಮ್ಮ! ಯಂತ್ರ ಕೆಡಿಸಿದ್ದು ನಾವೇ ಅಂದ್ರೆ ನನ್ನ ಕೆಲಸಕ್ಕೇ ಕುತ್ತು. ಆಸ್ಪತ್ರೆ ಕಟ್ಟಿಸಿದ್ದು ಯಾರು? ಶಾಲೆಗೆ ಬೆಂಚು ಕೊಟ್ಟಿದ್ದು ಯಾರು? ಉಂಡ ಮನೆಗೆ ಎರಡು ಬಗೀಬಾರದು."

"ಕಟ್ಟಿಸಿದ್ದು ಒಳ್ಳೇದೇ ಅಣ್ಣ, ನಾನೂ ಅಲ್ಲೇ ದುಡಿಯೋಳು," ಎಂದಳು ನರ್ಸಮ್ಮ. "ಆದ್ರೆ ಮಗೂನ ಚಿವುಟಿ ತೊಟ್ಟಿಲು ತೂಗಿದ್ರೆ ಅದನ್ನ ಉಪಕಾರ ಅಂತಾರಾ? ಲಾರಿಗೆ ಹೊದಿಕೆ ಹಾಕ್ಬೇಕು, ದಾರಿಗೆ ನೀರು ಹೊಡೀಬೇಕು, ಗಾಳೀಲಿ ಎಷ್ಟು ಧೂಳಿದೆ ಅಂತ ಊರಿಗೆ ತಿಳಿಸ್ಬೇಕು. ಗಣಿಗೆ ಅನುಮತಿ ಕೊಡುವಾಗಲೇ ಹಾಕಿರೋ ಷರತ್ತು ಇವೆಲ್ಲ. ಬೆಂಚು ಕೊಟ್ಟ ಮಾತ್ರಕ್ಕೆ ಷರತ್ತು ಮಾಫಿ ಆಗಲ್ಲ."

"ಷರತ್ತಂತೆ ಷರತ್ತು! ಒಂದು ಚಾದರಕ್ಕೆ ಇಷ್ಟು ರಂಪ!" ಮಗ ನನ್ನ ಕೈಯಿಂದ ಚಾದರ ಕಿತ್ತುಕೊಂಡು ಸಿಟ್ಟಿನಿಂದ ಕೊಡವಿದ.

ಹಿಂದಿನ ದಿನವಷ್ಟೇ ಒಗೆದಿದ್ದೆ. ಆದರೂ ಅಂಗಳದ ತುಂಬ ಕೆಂಪು ಧೂಳೆದ್ದಿತು. ಅಪ್ಪ ಬಂದನೆಂದು ಓಡಿಬಂದ ಕೂಸು ನೇರ ಅದರೊಳಗೇ ಹೊಕ್ಕಿತು. ಕೆಮ್ಮಿತು, ಕೆಮ್ಮಿತು, ಉಸಿರು ಸಿಗದೆ ಅಪ್ಪನ ಕಾಲು ಹಿಡಿದುಕೊಂಡಿತು. ನರ್ಸಮ್ಮ ಬಾಯಿಗೆ ಇನ್‌ಹೇಲರ್ ಹಿಡಿದಳು. ಕೂಸಿನ ಮುಖಕ್ಕೆ ಬಣ್ಣ ಬರುವಷ್ಟರಲ್ಲಿ ನನಗೆ ಅರ್ಧ ಜೀವ ಹೋಗಿತ್ತು.

ಮಗ ಚಾದರವನ್ನು ಮಾಳಿಗೆಗೆ ಒಯ್ದು ಯಂತ್ರದ ಪಕ್ಕದ ತಂತಿಯ ಮೇಲೆ ಹರವಿದ. ಕೆಳಗಿಳಿದು ಬಂದು, "ಗುರುವಾರದವರೆಗೆ ಅದನ್ನ ಯಾರೂ ಮುಟ್ಟಬೇಡಿ," ಎಂದ.

ಆ ಎರಡು ದಿನ ನಾನು ಪಟ್ಟ ಚಡಪಡಿಕೆ ದೇವರಿಗೇ ಗೊತ್ತು. ಪೊರಕೆ ಹಿಡಿದು ಮಾಳಿಗೆಯ ಮೆಟ್ಟಿಲವರೆಗೆ ಹೋಗಿ ಹೋಗಿ ವಾಪಸು ಬರುತ್ತಿದ್ದೆ.

ಗುರುವಾರ ಶಾಲೆಯ ಸಭಾಂಗಣದಲ್ಲಿ ಕಂಪನಿಯ ಸಾಹೇಬರು ವರದಿ ಓದಿದರು. ಆಮೇಲೆ ನಗುನಗುತ್ತಾ, "ಶುದ್ಧ ಗಾಳಿಯ ಓಣಿ ಅನ್ನೋ ಫಲಕವನ್ನ ಯಂತ್ರ ನೋಡಿಕೊಂಡ ಅಜ್ಜಿಯವರೇ ಸ್ವೀಕರಿಸಬೇಕು," ಎಂದು ಕರೆದರು. ಜನ ಚಪ್ಪಾಳೆ ತಟ್ಟಿದರು. ನಾನು ವೇದಿಕೆ ಹತ್ತಿ, ಮಡಿಸಿ ತಂದಿದ್ದ ಚಾದರವನ್ನು ಅವರ ಬಿಳಿ ಮೇಜಿನ ಮೇಲೆ ಬಿಡಿಸಿದೆ.

"ಸಾಹೇಬ್ರೇ, ನಿಮ್ಮ ಯಂತ್ರ ಸುಳ್ಳು ಹೇಳಿಲ್ಲ. ಇದನ್ನ ಹೊದ್ಕೊಂಡು ಮಲಗಿತ್ತು. ಹೊದಿಸಿದ್ದು ನಾನು, ತಪ್ಪು ನಂದೇ. ಆದ್ರೆ ಇದು ಬರೀ ಎರಡು ದಿನದ ಧೂಳು. ಈ ಧೂಳು ಯಾರದು?"

ಸಾಹೇಬರ ನಗು ಇಂಗಿಹೋಯಿತು. ಹಿಂದಿನ ಸಾಲಿನಿಂದ ಮಗ ಎದ್ದು ನಿಂತ. "ನಾನೇ ಲಾರಿ ಓಡಿಸೋನು. ಹೊದಿಕೆ ಕಟ್ಟೋಕೆ ಹತ್ತು ನಿಮಿಷ ಬೇಕು ಸಾರ್. ಅಷ್ಟು ಹೊತ್ತೂ ನಮಗೆ ಕೊಡಲ್ಲ." ಅವನ ಹಿಂದೆ ಇನ್ನೂ ಮೂವರು ಚಾಲಕರು ಎದ್ದರು.

ಹದಿನೈದು ದಿನ ಮತ್ತೆ ಅಳೆಯುವುದೆಂದು ಸಾಹೇಬರು ಬರೆದುಕೊಟ್ಟರು. ಲಾರಿಗಳ ಮೇಲೆ ಹೊದಿಕೆ ಮಾರನೆಯ ದಿನವೇ ಬಂತು. ಸೊಸೆ ಶುಕ್ರವಾರ ಹೊರಡಲಿಲ್ಲ, ಆದರೆ ಚೀಲವನ್ನೂ ಬಿಚ್ಚಲಿಲ್ಲ. ನಾನು ದಿನವೂ ಯಂತ್ರದ ಮುಂದೆ ಕೈಕಟ್ಟಿಕೊಂಡು ನಿಂತೆ, ಒರೆಸದೆ! ಹದಿನಾರನೆಯ ದಿನ ಓಣಿಯ ತುದಿಯಲ್ಲಿ ಫಲಕ ಹಾಕಿದರು. ಹೊದಿಕೆ ಹಾಕಿದ ಮೇಲೂ ಇರಬೇಕಾದ್ದಕ್ಕಿಂತ ಮೂರು ಪಟ್ಟು ಧೂಳು. ಈಗ ಲಾರಿಗಳು ಗುಡ್ಡದ ಹಿಂದಿನಿಂದ ಹೋಗುತ್ತವೆ. ಕೂಸಿನ ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಮೊನ್ನೆ ಸೊಸೆ ಚೀಲ ಬಿಚ್ಚಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಗಣಿ ಇದೆಯೇ? ಅವರು ಕೊಟ್ಟ ಬೆಂಚಿನ ಮೇಲೆ ಕೂತುಕೊಳ್ಳಿ, ಬೇಡವೆನ್ನುವುದಿಲ್ಲ. ಕೂತುಕೊಂಡೇ ಕೇಳಿ: ಗಾಳಿ ಹೇಗಿದೆ, ನೀರು ಹೇಗಿದೆ, ಷರತ್ತಿನ ಕಾಗದ ಎಲ್ಲಿದೆ ಎಂದು. ಸಭೆ ಕರೆದರೆ ತಪ್ಪಿಸಬೇಡಿ. ಅಳೆಯುವ ಯಂತ್ರವನ್ನು ಮಾತ್ರ ದಮ್ಮಯ್ಯ, ಮುಚ್ಚಬೇಡಿ.

ನನ್ನ ಆ ಚಾದರ ಈಗಲೂ ಪೆಟ್ಟಿಗೆಯಲ್ಲಿದೆ. ಈ ಪೊರಕೆ ಅಜ್ಜಿಯ ಮನೆಯಲ್ಲಿ ಒಗೆಯದೆ ಇಟ್ಟ ಬಟ್ಟೆ ಅದೊಂದೇ.